ವೋಡನ್ ದೇವರ ಒಕ್ಕಲು: ಐವತ್ತು ವರ್ಷಗಳ ನಡಿಗೆ

1976ರ ಬೇಸಿಗೆ. ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೇ ವರ್ಷದ ಸಂಭ್ರಮದಲ್ಲಿತ್ತು. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ವಾಟರ್‌ಟೌನ್ ಪಟ್ಟಣದಲ್ಲಿ ಗಾರ್ಮನ್ ಲಾರ್ಡ್ ಮತ್ತು ಅವರ ಕೆಲವೇ ಸಂಗಡಿಗರು ವೋಡನ್, ಫ್ರಿಗ್ ಎಂಬ ಕ್ರೈಸ್ತಪೂರ್ವ ಇಂಗ್ಲೆಂಡಿನ ದೇವತೆಗಳಿಗೆ ಇನ್ನು ಮುಂದೆ ತಾವು ನಡೆದುಕೊಳ್ಳುವುದಾಗಿ ಪ್ರತಿಜ್ಞೆ ಮಾಡಿದರು. ತಮ್ಮ ಕೂಟಕ್ಕೆ ಹಳೆಯ ಇಂಗ್ಲಿಷಿನಲ್ಲಿ 'ವಿಟಾನ್ ಥಿಯೋಡ್' ಎಂದು ಹೆಸರಿಟ್ಟರು. ಥಿಯೋಡ್ ಎಂದರೆ ಕುಲ. ಅಲ್ಲಿಂದ ಬೆಳೆದ ಮಾರ್ಗ ಥಿಯೋಡಿಸಂ ಎಂದು ಹೆಸರಾಯಿತು. ಈ ದೇವತೆಗಳನ್ನು ನಂಬಿದ್ದ ಕಡೆಯ ಆಂಗ್ಲೋ-ಸ್ಯಾಕ್ಸನ್ ಅರಸು, ವೈಟ್ ದ್ವೀಪದ ಆರ್ವಾಲ್ಡ್, ಹತನಾದದ್ದು 686ರಲ್ಲಿ. ಆ ಸಾವಿಗೂ ಈ ಪ್ರತಿಜ್ಞೆಗೂ ನಡುವೆ ಸುಮಾರು ಸಾವಿರದ ಮುನ್ನೂರು ವರ್ಷಗಳ ಅಂತರ.

ಆ ಪ್ರತಿಜ್ಞೆಗೆ ಈಗ ಐವತ್ತು ತುಂಬುತ್ತಿದೆ. ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಸಂಸ್ಥಾಪಕರು, ಅಧ್ಯಕ್ಷರು, ಕಟ್ಟಡ ನಿಧಿ, ಬೆಳ್ಳಿಹಬ್ಬ ಎಂದು ಒಂದರ ಹಿಂದೊಂದು ಬರೆದುಕೊಂಡು ಹೋಗಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಆಂಗ್ಲೋ-ಸ್ಯಾಕ್ಸನ್ ದೇವತಾರಾಧನೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟವರಿಗೆ ಒಂದು ಮಠವಿಲ್ಲ, ಪೀಠವಿಲ್ಲ, ಎಲ್ಲರೂ ತಲೆಬಾಗುವ ಗ್ರಂಥವೂ ಇಲ್ಲ. ಹುಟ್ಟಿ, ಒಡೆದು, ಮತ್ತೆ ಬೇರೆ ಹೆಸರಿನಲ್ಲಿ ಕೂಡಿಕೊಂಡ ಸಣ್ಣ ಸಣ್ಣ ಕೂಟಗಳೇ ಇಲ್ಲಿನ ಚರಿತ್ರೆ. ಅದನ್ನು ಓದಿದಷ್ಟೂ ನನಗೆ ಖಚಿತವಾಗಿರುವುದು ಇದು: ಈ ಜನ ಕಟ್ಟಿದ ಸಿಂಹಾಸನಗಳು ನಿಲ್ಲಲಿಲ್ಲ, ರಕ್ತದ ಮಾತು ಅವರಿಗೆ ಕೇಡನ್ನೇ ತಂದಿತು. ಶ್ರದ್ಧೆಯಿಂದ ಮಾಡಿದ ಓದು ಮತ್ತು ಮನೆಯೊಳಗೆ ಇಟ್ಟ ಎಡೆ, ಈ ಎರಡು ನಿಂತವು.

ಓದು ಯಾಕೆ ಅಷ್ಟು ಮುಖ್ಯವಾಯಿತು ಎಂದರೆ, ಕೈಗೆ ಸಿಕ್ಕಿದ್ದು ಅಷ್ಟು ಕಡಿಮೆ. ಐಸ್‌ಲೆಂಡಿನವರಿಗೆ ಎಡ್ಡಾ ಕಾವ್ಯಗಳಿವೆ, ಸಾಗಾಗಳಿವೆ. ಇಂಗ್ಲೆಂಡಿನಲ್ಲಿ ಆ ಮತದವರೇ ಬರೆದಿಟ್ಟ ಒಂದು ಪುಟವೂ ಉಳಿದಿಲ್ಲ. 597ರಲ್ಲಿ ರೋಮಿನಿಂದ ಬಂದ ಅಗಸ್ಟೀನ್ ಕೆಂಟ್ ಪ್ರಾಂತದಲ್ಲಿ ಕಾಲಿಟ್ಟ ಮೇಲೆ ನೂರು ವರ್ಷ ಕಳೆಯುವುದರೊಳಗೆ ಅರಸರೆಲ್ಲ ಕ್ರೈಸ್ತರಾದರು. ಬರವಣಿಗೆ ಬಂದದ್ದು ಕ್ರೈಸ್ತ ಸಂನ್ಯಾಸಿಗಳ ಕೈಯಲ್ಲಿ. ಹೀಗಾಗಿ ಹಳೆಯ ದೇವರುಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರನ್ನು ಓಡಿಸಿದವರು ಬರೆದಿಟ್ಟದ್ದೇ.

ಅವರಲ್ಲಿ ಮೊದಲ ಸಾಲ ಬೀಡ್ ಎಂಬ ಸಂನ್ಯಾಸಿಗೆ ಸಲ್ಲಬೇಕು. ಉತ್ತರ ಇಂಗ್ಲೆಂಡಿನ ಜಾರೋ ಮಠದಲ್ಲಿ ಕುಳಿತು ಆತ 725ರಲ್ಲಿ ಕಾಲಗಣನೆಯ ಮೇಲೆ ಒಂದು ಲ್ಯಾಟಿನ್ ಗ್ರಂಥ ಬರೆದ. ಈಸ್ಟರ್ ಹಬ್ಬದ ದಿನವನ್ನು ಲೆಕ್ಕ ಹಾಕುವುದು ಹೇಗೆಂದು ತಿಳಿಸುವುದು ಅದರ ಉದ್ದೇಶ. ಅದರ ಹದಿನೈದನೇ ಅಧ್ಯಾಯದಲ್ಲಿ ಮಾತ್ರ, ತನ್ನ ಜನ ಹಿಂದೆ ತಿಂಗಳುಗಳನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಹೇಳಿಬಿಟ್ಟ. ಫೆಬ್ರವರಿಯಲ್ಲಿ ದೇವರಿಗೆ ರೊಟ್ಟಿಯ ನೈವೇದ್ಯ. ಮಾರ್ಚ್ ಹ್ರೇಥಾ ದೇವಿಯದು, ಏಪ್ರಿಲ್ ಈಯೋಸ್ತ್ರೆ ದೇವಿಯದು. ಮೇ ತಿಂಗಳ ಹೆಸರು ಬಂದದ್ದು ಹಸುಗಳನ್ನು ದಿನಕ್ಕೆ ಮೂರು ಹೊತ್ತು ಕರೆಯುತ್ತಿದ್ದುದರಿಂದ. ನವೆಂಬರಿನಲ್ಲಿ ಕಡಿಯಬೇಕಾದ ದನಗಳನ್ನು ದೇವರಿಗೆ ಮೀಸಲಿಡುತ್ತಿದ್ದರು. ಡಿಸೆಂಬರ್ 25ಕ್ಕೆ ಮುಂಚಿನ ರಾತ್ರಿ 'ಮೊದ್ರನಿಹ್ತ್', ತಾಯಂದಿರ ರಾತ್ರಿ. ಇಷ್ಟೇ. ಇಂದು ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಈ ಮತವನ್ನು ಆಚರಿಸುವ ಮನೆಗಳ ವರ್ಷದ ಹಬ್ಬಗಳ ಪಟ್ಟಿ ಹೆಚ್ಚುಕಡಿಮೆ ಈ ಒಂದು ಅಧ್ಯಾಯದ ಮೇಲೆ ನಿಂತಿದೆ. ಬೀಡ್ ಹುಟ್ಟಿದ್ದು ಸುಮಾರು 673ರಲ್ಲಿ. ಅವನ ಬಾಲ್ಯದಲ್ಲಿ ಹಳೆಯ ಹಬ್ಬಗಳನ್ನು ಕಣ್ಣಾರೆ ಕಂಡ ಮುದುಕರು ಇನ್ನೂ ಬದುಕಿದ್ದಿರಬೇಕು. ಆದ್ದರಿಂದ ಅವನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೂ ತಳ್ಳಿಹಾಕಿದವರಿದ್ದರು. ಈಯೋಸ್ತ್ರೆ ಎಂಬ ದೇವಿ ಇರಲೇ ಇಲ್ಲ, ಬೀಡ್ ಊಹಿಸಿ ಬರೆದ ಎಂದು ವಿದ್ವಾಂಸರು ಬಹಳ ಕಾಲ ವಾದಿಸಿದರು. 1958ರಲ್ಲಿ ಜರ್ಮನಿಯ ಮಾರ್ಕೆನ್-ಹಾರ್ಫ್ ಎಂಬಲ್ಲಿ ರೋಮನ್ ಕಾಲದ ನೂರೈವತ್ತಕ್ಕೂ ಹೆಚ್ಚು ಹರಕೆಯ ಶಾಸನಗಳು ಸಿಕ್ಕವು. ಎಲ್ಲವೂ 'ಆಸ್ಟ್ರಿಯಹೇನೆ' ಎಂಬ ಮಾತೃದೇವತೆಯರಿಗೆ ಸಲ್ಲಿಸಿದವು. ಹೆಸರಿನ ಬೇರು ಈಯೋಸ್ತ್ರೆಯ ಬೇರೇ. ಫಿಲಿಪ್ ಶಾ ಎಂಬ ಭಾಷಾವಿದ್ವಾಂಸರು 2011ರ ತಮ್ಮ ಪುಸ್ತಕದಲ್ಲಿ ಈ ಶಾಸನಗಳನ್ನು ಮುಂದಿಟ್ಟು, ಬೀಡನ ಮಾತಿಗೆ ಹೊಸದಾಗಿ ಆಧಾರ ಒದಗಿಸಿದರು. ಆಕೆ ವಸಂತದ ದೇವತೆ ಎಂಬ ಜನಪ್ರಿಯ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಒಂದು ಸ್ಥಳದ, ಒಂದು ಜನದ ತಾಯಿ ಆಕೆ ಆಗಿದ್ದಿರಬಹುದು ಎಂದರು. ಏಪ್ರಿಲಿನಲ್ಲಿ ಈಯೋಸ್ತ್ರೆಗೆ ದೀಪವಿಡುವ ಗೃಹಸ್ಥರಿಗೆ ಈ ಪುಸ್ತಕ ಎಷ್ಟು ಬೇಕಾಗಿತ್ತು ಎಂಬುದನ್ನು ಹೊರಗಿನವರು ಅಳೆಯುವುದು ಕಷ್ಟ. ನಾವು ಕೈಮುಗಿಯುವ ತಾಯಿ ಒಬ್ಬ ಸಂನ್ಯಾಸಿಯ ಕಲ್ಪನೆಯಲ್ಲ ಎಂದು ಕಲ್ಲು ಸಾಕ್ಷಿ ಹೇಳಿತ್ತು.

ಬೀಡ್ 731ರಲ್ಲಿ ಮುಗಿಸಿದ ಚರ್ಚಿನ ಚರಿತ್ರೆಯಲ್ಲೂ ಅಲ್ಲಲ್ಲಿ ಕಾಳು ಉದುರಿವೆ. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟಿದ್ದ ಪಾದ್ರಿ ಮೆಲಿಟಸನಿಗೆ ಬರೆದ ಪತ್ರ ಅದರಲ್ಲಿದೆ: ಗುಡಿಗಳನ್ನು ಕೆಡವಬೇಡಿ, ಮೂರ್ತಿಗಳನ್ನು ಮಾತ್ರ ತೆಗೆದು ತೀರ್ಥ ಚಿಮುಕಿಸಿ ಚರ್ಚು ಮಾಡಿಕೊಳ್ಳಿ, ದನ ಕಡಿದು ಉಣ್ಣುವ ಹಬ್ಬವನ್ನು ಸಂತರ ಹಬ್ಬವಾಗಿ ಮುಂದುವರಿಸಿ ಎಂಬ ಸಲಹೆ. ನಾರ್ತಂಬ್ರಿಯದ ಪ್ರಧಾನ ಅರ್ಚಕ ಕೋಯ್ಫಿಯ ಕಥೆಯೂ ಅಲ್ಲೇ ಬರುತ್ತದೆ. ಅರ್ಚಕರು ಆಯುಧ ಹಿಡಿಯಬಾರದು, ಹೆಣ್ಣು ಕುದುರೆಯನ್ನಲ್ಲದೆ ಏರಬಾರದು ಎಂಬ ಕಟ್ಟಳೆ ಇತ್ತು. 627ರಲ್ಲಿ ಮತ ಬಿಟ್ಟ ಕೋಯ್ಫಿ ಈಟಿ ಹಿಡಿದು, ಗಂಡು ಕುದುರೆ ಏರಿ, ಗುಡ್‌ಮನ್‌ಹ್ಯಾಮಿನ ಗುಡಿಗೆ ಬಂದು ಈಟಿಯನ್ನು ಒಳಕ್ಕೆ ಎಸೆದು ಬೆಂಕಿ ಹಚ್ಚಿಸಿದ. ಇಂದಿನ ಹಲವು ಕೂಟಗಳು ಪೂಜಾಸ್ಥಳಕ್ಕೆ ಆಯುಧ ತರಬಾರದೆಂದು ನಿಯಮ ಮಾಡಿಕೊಂಡಿವೆ. ಅದಕ್ಕೆ ಅವರು ತೋರಿಸುವ ಆಧಾರಗಳಲ್ಲಿ ಈ ದ್ರೋಹದ ಕಥೆಯೂ ಒಂದು. ಪೂರ್ವ ಆಂಗ್ಲಿಯದ ಅರಸು ರೆಡ್ವಾಲ್ಡ್ ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು, ಹಳೆಯ ದೇವರಿಗೊಂದು ಪೀಠ ಇಟ್ಟುಕೊಂಡಿದ್ದನಂತೆ. ಬೀಡ್ ಅದನ್ನು ಛೀಮಾರಿಯಾಗಿ ಬರೆದಿದ್ದಾನೆ. ಹೆಂಡತಿ ಚರ್ಚಿಗೆ ಹೋಗುವ, ಗಂಡ ವೋಡನನಿಗೆ ಕೈಮುಗಿಯುವ ಇಂದಿನ ಮನೆಗಳಿಗೆ ಅದೇ ಮೇಲ್ಪಂಕ್ತಿ. 1939ರಲ್ಲಿ ಸಫೋಕ್ ಪ್ರಾಂತದ ಸಟನ್ ಹೂ ದಿಬ್ಬದಲ್ಲಿ ಸಿಕ್ಕ ನೌಕಾ ಸಮಾಧಿ ಇದೇ ರೆಡ್ವಾಲ್ಡನದು ಎಂದು ಬಹಳ ವಿದ್ವಾಂಸರು ನಂಬುತ್ತಾರೆ. ಅಲ್ಲಿ ದೊರೆತ ಶಿರಸ್ತ್ರಾಣದ ಮುಖ ಈ ಮತದವರ ಪುಸ್ತಕ, ಪತ್ರಿಕೆಗಳ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಸಹಜ.

ಶಿಕ್ಷೆಯ ಪಟ್ಟಿಗಳೂ ಪೂಜೆಯ ಕೈಪಿಡಿಯಾದವು. ಏಳನೇ ಶತಮಾನದ ಆರ್ಚ್‌ಬಿಷಪ್ ಥಿಯೊಡೋರನ ಹೆಸರಿನ ಪ್ರಾಯಶ್ಚಿತ್ತ ಗ್ರಂಥದಲ್ಲಿ, ಜ್ವರ ಬಂದ ಮಗಳನ್ನು ಛಾವಣಿಯ ಮೇಲೆ ಮಲಗಿಸಿದ ತಾಯಿಗೆ, ಸತ್ತವರ ಜಾಗದಲ್ಲಿ ಮನೆಯವರ ಕ್ಷೇಮಕ್ಕಾಗಿ ಧಾನ್ಯ ಸುಟ್ಟವನಿಗೆ ಇಷ್ಟಿಷ್ಟು ವರ್ಷದ ಪ್ರಾಯಶ್ಚಿತ್ತ ಎಂದಿದೆ. ಹನ್ನೊಂದನೇ ಶತಮಾನದಲ್ಲಿ ಕನ್ಯೂಟ್ ದೊರೆಯ ಕಾನೂನು ಸೂರ್ಯ, ಚಂದ್ರ, ಬೆಂಕಿ, ನೀರು, ಬಾವಿ, ಕಲ್ಲು, ಮರಗಳ ಪೂಜೆಯನ್ನು ನಿಷೇಧಿಸಿತು. ಜನ ಮಾಡುತ್ತಲೇ ಇದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೆ?

ಊರಿನ ಹೆಸರುಗಳೂ ಉಳಿದವು. ವೋಡನ್ ಹೆಸರು ವೆಡ್ನೆಸ್‌ಬರಿಯಲ್ಲಿ, ಥುನೋರ್ ಹೆಸರು ಎಸೆಕ್ಸಿನ ಥಂಡರ್ಸ್ಲಿಯಲ್ಲಿ, ಟಿವ್ ಹೆಸರು ವಾರಿಕ್‌ಷೈರಿನ ಟೈಸೋದಲ್ಲಿ. ಲಂಡನ್ನಿನ ವಾಯವ್ಯಕ್ಕಿರುವ ಹ್ಯಾರೋ ಗುಡ್ಡವನ್ನು 767ರ ದಾನಪತ್ರವೊಂದು ಗುಮೆನಿಂಗರೆಂಬ ಕುಲದವರ ದೇವಸ್ಥಾನ ಎಂದೇ ಗುರುತಿಸುತ್ತದೆ. ಜವಾಹರಲಾಲ್ ನೆಹರೂ ಹುಡುಗನಾಗಿ ಓದಿದ್ದು ಆ ಗುಡ್ಡದ ಮೇಲಿನ ಶಾಲೆಯಲ್ಲಿ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು 'ಎಕರ್‌ಬೋಟ್' ಎಂಬ ಹೊಲದ ಶಾಂತಿಕರ್ಮ. ಹನ್ನೊಂದನೇ ಶತಮಾನದ ಹಸ್ತಪ್ರತಿಯಲ್ಲಿ ಉಳಿದಿರುವ ಅದು ಬೆಳೆ ಬಾರದ ಹೊಲಕ್ಕೆ ಮಾಡುವ ಮದ್ದು. ಬೆಳಗಾಗುವ ಮುಂಚೆ ಹೊಲದ ನಾಲ್ಕು ದಿಕ್ಕಿನಿಂದ ಹುಲ್ಲು ಸಹಿತ ನಾಲ್ಕು ಹೆಂಟೆ ಕಿತ್ತುಕೊಳ್ಳಬೇಕು. ಎಣ್ಣೆ, ಜೇನು, ಹಿಟ್ಟು ಹುದುಗುವ ಹುಳಿ, ಆ ಹೊಲದ ಎಲ್ಲ ದನಗಳ ಹಾಲು, ಅಲ್ಲಿ ಬೆಳೆಯುವ ಮರಗಳ ಮತ್ತು ಗಿಡಮೂಲಿಕೆಗಳ ಒಂದೊಂದು ಚೂರು, ಎಲ್ಲವನ್ನೂ ಸೇರಿಸಿ ಹೆಂಟೆಯ ತಳಕ್ಕೆ ತೀರ್ಥದೊಡನೆ ಹನಿಸಬೇಕು. ಹೆಂಟೆಗಳನ್ನು ಚರ್ಚಿಗೆ ಒಯ್ದು, ಹಸಿರು ಮೈಯನ್ನು ಪೀಠದ ಕಡೆ ತಿರುಗಿಸಿ, ಪಾದ್ರಿಯಿಂದ ಪೂಜೆ ಮಾಡಿಸಿ, ಹೊತ್ತು ಮುಳುಗುವುದರೊಳಗೆ ತಂದು ಕಿತ್ತಲ್ಲೇ ಕೂರಿಸಬೇಕು. ಪೂರ್ವಕ್ಕೆ ತಿರುಗಿ ಒಂಬತ್ತು ಸಲ ಬಾಗಬೇಕು. ಆಮೇಲೆ ಭಿಕ್ಷುಕರಿಂದ ಬೀಜ ಪಡೆದು, ಪಡೆದದ್ದರ ಎರಡರಷ್ಟನ್ನು ಅವರಿಗೆ ಮರಳಿ ಕೊಡಬೇಕು. ನೇಗಿಲಿನ ಈಸಿಗೆ ರಂಧ್ರ ಕೊರೆದು ಧೂಪ, ಸೋಂಪು, ಸಾಬೂನು, ಉಪ್ಪು ತುಂಬಬೇಕು. ಭೂಮಿತಾಯಿಯನ್ನು ಹೆಸರು ಹಿಡಿದು ಕರೆದು ಮೊದಲ ಸಾಲು ಹೊಡೆಯಬೇಕು. ಎಲ್ಲ ಬಗೆಯ ಹಿಟ್ಟು ಬೆರೆಸಿ, ಹಾಲು ಮತ್ತು ತೀರ್ಥದಲ್ಲಿ ನಾದಿ, ಅಂಗೈಯಗಲದ ರೊಟ್ಟಿ ಬೇಯಿಸಿ ಆ ಮೊದಲ ಸಾಲಿನಲ್ಲಿ ಇಡಬೇಕು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಮ್ಮ ಉತ್ತರ ಕರ್ನಾಟಕದ ಒಕ್ಕಲಿಗನಿಗೆ ಇದನ್ನು ಓದಿ ಹೇಳಿದರೆ ಬಿಡಿಸಿ ವಿವರಿಸಬೇಕಾದ್ದು ಪಾದ್ರಿಯ ಪಾತ್ರ ಮಾತ್ರ. ಇಂದಿನ ಆಂಗ್ಲೋ-ಸ್ಯಾಕ್ಸನ್ ಆರಾಧಕರು ಚರ್ಚಿನ ಭಾಗ ಬಿಟ್ಟು ಇದನ್ನು ತಮ್ಮ ಕೈತೋಟಗಳಲ್ಲಿ ಮಾಡುತ್ತಾರೆ. ಹೀಗೆ ಬೇರ್ಪಡಿಸುವುದು ನ್ಯಾಯವೇ ಎಂದು ಕೇಳುವ ಇತಿಹಾಸಕಾರರಿದ್ದಾರೆ. ಎರಿಕ್ ಸ್ಟ್ಯಾನ್ಲಿ 1975ರ ತಮ್ಮ ಪುಸ್ತಕದಲ್ಲಿ, ಹಳೆಯ ಇಂಗ್ಲಿಷ್ ಸಾಹಿತ್ಯದಲ್ಲಿ ಎಲ್ಲೆಲ್ಲೂ ಪೇಗನ್ ಪಳೆಯುಳಿಕೆ ಹುಡುಕುವ ಚಪಲವನ್ನು ಕಟುವಾಗಿಯೇ ಬಯಲಿಗೆಳೆದರು. ಆ ಎಚ್ಚರಿಕೆ ಬೇಕಾದದ್ದೇ. ಆದರೆ ವಿದ್ವಾಂಸನಿಗೆ ಪ್ರಶ್ನೆ 'ಆಗ ಏನಿತ್ತು' ಎಂಬುದು. ಭಕ್ತನಿಗೆ 'ಈಗ ನಾನು ಏನು ಮಾಡಲಿ' ಎಂಬುದೂ ಜೊತೆಗಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ವಾಟರ್‌ಟೌನಿಗೆ ಮುಂಚಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1605ರಲ್ಲಿ ರಿಚರ್ಡ್ ವರ್ಸ್ಟೆಗನ್ ವಾರದ ಏಳು ದಿನಗಳ ಸ್ಯಾಕ್ಸನ್ ದೇವರುಗಳ ಚಿತ್ರ ಅಚ್ಚು ಹಾಕಿಸಿದ. ಹದಿನೆಂಟನೇ ಶತಮಾನದಲ್ಲಿ ಸ್ಟೋ ಎಂಬ ಶ್ರೀಮಂತರ ಉದ್ಯಾನಕ್ಕೆ ಶಿಲ್ಪಿ ರೈಸ್‌ಬ್ರಾಕ್ ಅದೇ ಏಳು ದೇವರುಗಳನ್ನು ಕಲ್ಲಿನಲ್ಲಿ ಕಡೆದ. ಅದು ಅಲಂಕಾರ, ಪೂಜೆಯಲ್ಲ. 1731ರಲ್ಲಿ ಕಾಟನ್ ಗ್ರಂಥಭಂಡಾರಕ್ಕೆ ಬೆಂಕಿ ಬಿದ್ದು ರೂನ್ ಲಿಪಿಯ ಅಕ್ಷರಗಳನ್ನು ಕುರಿತ ಹಳೆಯ ಇಂಗ್ಲಿಷ್ ಪದ್ಯವಿದ್ದ ಹಸ್ತಪ್ರತಿ ಸುಟ್ಟುಹೋಯಿತು. 1705ರಲ್ಲೇ ಜಾರ್ಜ್ ಹಿಕ್ಸ್ ಅದನ್ನು ಅಚ್ಚು ಮಾಡಿಟ್ಟಿದ್ದರಿಂದ ಪಠ್ಯ ನಮಗೆ ಉಳಿದಿದೆ. ಆತ ಮಾಡಿದ ಉಪಕಾರ ದೊಡ್ಡದು. ಪೂಜೆಯ ಪ್ರಯತ್ನ ಶುರುವಾದದ್ದು 1930ರ ದಶಕದಲ್ಲಿ, ಆಸ್ಟ್ರೇಲಿಯದಲ್ಲಿ. ಮೆಲ್ಬರ್ನಿನ ವಕೀಲ ಅಲೆಗ್ಸಾಂಡರ್ ರಡ್ ಮಿಲ್ಸ್ ಆಂಗ್ಲ ಜನರ ಓಡಿನ್ ಚರ್ಚು ಎಂಬುದನ್ನು ಹುಟ್ಟುಹಾಕಿದ (ಓಡಿನ್ ಎಂಬುದು ವೋಡನನ ನಾರ್ಸ್ ಹೆಸರು). ಆತ ಯೆಹೂದಿ ದ್ವೇಷಿ, ನಾಜಿಗಳನ್ನು ಮೆಚ್ಚಿದವ. 1942ರಲ್ಲಿ ಸರ್ಕಾರ ಅವನನ್ನು ಬಂಧನದಲ್ಲಿಟ್ಟಿತು. ಈ ಮತದ ಆಧುನಿಕ ಚರಿತ್ರೆಯ ಮೊದಲ ಪುಟದಲ್ಲೇ ಈ ವಿಷ ಬಿದ್ದಿದೆ. ಸ್ಮರಣ ಸಂಚಿಕೆ ಎಂಬ ಕಾರಣಕ್ಕೆ ಅದನ್ನು ಮರೆಮಾಚುವುದು ತಪ್ಪು.

1970ರ ದಶಕದ ಆರಂಭ ಎಲ್ಲ ಕಡೆಯೂ ಚಿಗುರಿದ ಕಾಲ. 1972ರಲ್ಲಿ ಐಸ್‌ಲೆಂಡಿನಲ್ಲಿ ರೈತಕವಿ ಸ್ವೇನ್‌ಬ್ಯೋರ್ನ್ ಬೇಯ್ನ್‌ಟೇಯ್ನ್‌ಸನ್ ಮುಂದಾಳುತನದಲ್ಲಿ ನಾರ್ಸ್ ದೇವರುಗಳನ್ನು ಆರಾಧಿಸುವ ಆಸಾತ್ರೂ ಸಂಘ ಹುಟ್ಟಿತು. ಮರುವರ್ಷವೇ ಅದಕ್ಕೆ ಸರ್ಕಾರದ ಮಾನ್ಯತೆ ಬಂತು. 1973ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಯೋವೆಲ್ ಮತ್ತು ಜಾನ್ ಗಿಬ್ಸ್-ಬೇಲಿ ಓಡಿನಿಕ್ ರೈಟ್ ಸಂಸ್ಥೆಗೆ ಬುನಾದಿ ಹಾಕಿದರು. ಕೆಂಟಿನ ವೈಟ್ ಹಾರ್ಸ್ ಸ್ಟೋನ್ ಎಂಬ ಹೆಬ್ಬಂಡೆಯನ್ನು ಅವರು ಪುಣ್ಯಸ್ಥಳವಾಗಿ ಕಂಡು, ಅದರ ಕಾವಲಿಗೆ ನಿಂತರು. ರೇಮಂಡ್ ಬಕ್‌ಲ್ಯಾಂಡ್ 1974ರಲ್ಲಿ 'ಸೀಕ್ಸ್-ವಿಕಾ' ಎಂಬ ಪದ್ಧತಿಯ ಪುಸ್ತಕ ಪ್ರಕಟಿಸಿದರು. ಅದು ಹಳೆಯ ಸ್ಯಾಕ್ಸನ್ ಮತದ ಮುಂದುವರಿಕೆಯಲ್ಲ, ತಾವು ಹೊಸದಾಗಿ ಹೆಣೆದದ್ದು ಎಂದು ಅವರೇ ಪ್ರಾಮಾಣಿಕವಾಗಿ ಹೇಳಿದರು.

ಗಾರ್ಮನ್ ಲಾರ್ಡ್ ಕೂಡ ಬಂದದ್ದು ವಿಕಾ ಎಂಬ ಆಧುನಿಕ ಮಾಟಗಾರಿಕೆಯ ಮತದ ದಾರಿಯಿಂದಲೇ. 1971ರಲ್ಲಿ ವಾಟರ್‌ಟೌನಿನಲ್ಲಿ ಅವರದು ಆಂಗ್ಲೋ-ಸ್ಯಾಕ್ಸನ್ ಬಣ್ಣದ ಒಂದು ವಿಕಾ ಮಂಡಲಿ. ಓದುತ್ತಾ ಹೋದಂತೆ, ಗೆರಾಲ್ಡ್ ಗಾರ್ಡ್ನರ್ ಇಪ್ಪತ್ತನೇ ಶತಮಾನದಲ್ಲಿ ರೂಪಿಸಿದ ವಿಧಿಗಳಿಗೂ ಹಳೆಯ ಇಂಗ್ಲಿಷ್ ಜನರ ಬದುಕಿಗೂ ಸಂಬಂಧವಿಲ್ಲವೆಂಬುದು ಅವರಿಗೆ ಸ್ಪಷ್ಟವಾಯಿತು. 1976ರಲ್ಲಿ ತಮಗೆ ವೋಡನ್ ಮತ್ತು ಫ್ರಿಗ್ ದರ್ಶನವಾಯಿತೆಂದು ಹೇಳಿ ಅವರು ಹೊಸ ದಾರಿ ಹಿಡಿದರು. ದರ್ಶನದ ಬಗ್ಗೆ ಹೊರಗಿನವರು ತೀರ್ಪು ಕೊಡಲಾಗದು. ಅದರ ಫಲವಾಗಿ ಬಂದ ವಿಚಾರವನ್ನು ಮಾತ್ರ ನೋಡಬಹುದು. ಆ ವಿಚಾರ ಹೀಗಿತ್ತು: ದೇವರುಗಳ ಹೆಸರು ಎತ್ತಿಕೊಂಡರೆ ಸಾಲದು, ಆ ದೇವರುಗಳಿಗೆ ಅರ್ಥ ಕೊಟ್ಟಿದ್ದ ಕುಲಜೀವನವನ್ನೂ ಕಟ್ಟಬೇಕು. ಒಡೆಯ ಮತ್ತು ಆಳಿನ ನಡುವಿನ ಪ್ರತಿಜ್ಞೆ, ಕೊಡು-ಕೊಳ್ಳುವಿಕೆ, ಮಾತಿಗೆ ತಪ್ಪದಿರುವುದು, ಹಿರಿಯರ ಕಟ್ಟಳೆ ಇವಿಲ್ಲದೆ ಪೂಜೆ ಬರೀ ವೇಷ.

ಡೆನ್ಮಾರ್ಕಿನ ವಿಲ್ಹೆಲ್ಮ್ ಗ್ರೋನ್‌ಬೆಕ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರೆದ ಜರ್ಮಾನಿಕ್ ಜನರ ಸಂಸ್ಕೃತಿಯ ಬೃಹತ್ ಗ್ರಂಥವನ್ನು ಥಿಯೋಡಿಸಂನವರು ಶಾಸ್ತ್ರದಂತೆ ಓದಿದರು. ಪಾಲ್ ಬೌಶಾಟ್ಜ್ ಅವರ 'ದಿ ವೆಲ್ ಅಂಡ್ ದಿ ಟ್ರೀ' 1982ರಲ್ಲಿ ಬಂದಾಗ ಅದೂ ಅದರ ಪಕ್ಕ ಕೂತಿತು. 'ವಿರ್ಡ್' ಎಂಬ ತತ್ವಕ್ಕೆ ಇಂದಿನವರು ಕೊಡುವ ಅರ್ಥ ಬಹುಮಟ್ಟಿಗೆ ಈ ಪುಸ್ತಕದಿಂದ ಬಂದದ್ದು. ಮಾಡಿದ ಕೆಲಸಗಳೆಲ್ಲ ಒಂದು ಬಾವಿಯ ತಳದಲ್ಲಿ ಪದರಪದರವಾಗಿ ಕೂರುತ್ತವೆ. ಆ ನೀರೇ ಮರಕ್ಕೆ ಏರಿ, ಇಂದಿನ ಬದುಕಾಗಿ ಹರಡಿ, ಮತ್ತೆ ಹನಿಯಾಗಿ ಬಾವಿಗೆ ಬೀಳುತ್ತದೆ. ನಮ್ಮ ಓದುಗರಿಗೆ ತಕ್ಷಣ ಕರ್ಮ ಸಿದ್ಧಾಂತ ನೆನಪಾಗಬಹುದು. ಆದರೆ ಇದು ಬೇರೆ. ಇಲ್ಲಿ ಜನ್ಮಾಂತರದ ಲೆಕ್ಕವಿಲ್ಲ, ಬಿಡುಗಡೆಯ ಹಂಬಲವಿಲ್ಲ. ಒಬ್ಬನ ಮಾತು ಮುರಿದರೆ ಅವನ ಮನೆತನಕ್ಕೂ ಕೂಟಕ್ಕೂ ಕೇಡು ತಟ್ಟುತ್ತದೆ ಎಂಬುದು ನಂಬಿಕೆ. ಕೂಟದ ಶಾಂತಿಗೆ 'ಫ್ರಿಥ್' ಎನ್ನುತ್ತಾರೆ. ಅದನ್ನು ಕಾಯುವುದು ದೇವರ ಪೂಜೆಯಷ್ಟೇ ದೊಡ್ಡ ಧರ್ಮ.

ಈ ನಂಬಿಕೆ ಕಣ್ಣಿಗೆ ಕಾಣುವುದು 'ಸುಂಬೆಲ್' ಎಂಬ ಪಾನಗೋಷ್ಠಿಯಲ್ಲಿ. ಹೆಸರು ಗೋಷ್ಠಿಯಾದರೂ ಅಲ್ಲಿ ಕುಡಿದು ಕುಣಿಯುವವರಿಲ್ಲ. ಎಲ್ಲರೂ ತಂತಮ್ಮ ಸ್ಥಾನದಲ್ಲಿ ಕೂತ ಮೇಲೆ ಮನೆಯೊಡತಿ ಜೇನಿನ ಮದ್ಯ ತುಂಬಿದ ಕೊಂಬನ್ನು ಹಿಡಿದು ಒಬ್ಬೊಬ್ಬರ ಬಳಿಗೂ ಬರುತ್ತಾಳೆ. 'ಬಿಯೊವುಲ್ಫ್' ಕಾವ್ಯದಲ್ಲಿ ರಾಣಿ ವೆಯಾಲ್ಹ್‌ಥಿಯೋ ಸಭೆಯಲ್ಲಿ ಬಟ್ಟಲು ತರುವ ಸಂದರ್ಭವೇ ಇದಕ್ಕೆ ಮಾದರಿ. ಒಂದು ಸುತ್ತು ದೇವರ ಹೆಸರಿನಲ್ಲಿ, ಇನ್ನೊಂದು ಗತಿಸಿದ ಹಿರಿಯರ ಹೆಸರಿನಲ್ಲಿ. ಆಮೇಲೆ, ತಾನು ಮಾಡಿದ್ದನ್ನು ಹೇಳಿಕೊಳ್ಳುವವರು ಹೇಳುತ್ತಾರೆ, ಮುಂದೆ ಮಾಡುವೆನೆಂದು ಪ್ರತಿಜ್ಞೆ ಮಾಡುವವರು ಮಾಡುತ್ತಾರೆ. 'ಥೂಲೆ' ಎಂಬ ಅಧಿಕಾರಿ ಒಬ್ಬನಿರುತ್ತಾನೆ. ಯಾರಾದರೂ ಕೈಲಾಗದ ಪ್ರತಿಜ್ಞೆಗೆ ಬಾಯಿ ಹಾಕಿದರೆ ಎದ್ದು ನಿಂತು ಪ್ರಶ್ನಿಸುವುದು ಅವನ ಕೆಲಸ. ಹೋದ ಸಲ ಮಾಡಿದ ಪ್ರತಿಜ್ಞೆ ಏನಾಯಿತು? ಈ ಸಲದ್ದಕ್ಕೆ ಹೊಣೆ ಯಾರು? ಉತ್ತರ ಕೊಡದೆ ಕೊಂಬಿನ ಮೇಲೆ ಆಣೆ ಇಡುವಂತಿಲ್ಲ. ಮಾತಿಗೆ ಇಷ್ಟು ಬೆಲೆ ಕಟ್ಟುವ ವಿಧಿಯನ್ನು ಆಧುನಿಕ ಕಾಲದಲ್ಲಿ ಕಟ್ಟಿ ನಿಲ್ಲಿಸಿದ್ದು ಥಿಯೋಡಿಸಂ ಮಾಡಿದ ಬಹು ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ. ಅದನ್ನು ಒಪ್ಪದ ಕೂಟಗಳೂ ಸುಂಬೆಲನ್ನು ಅವರಿಂದ ಕಲಿತವು.

ಸಮಸ್ಯೆ ಬಂದದ್ದು ಸಿಂಹಾಸನದಿಂದ. ಆಂಗ್ಲೋ-ಸ್ಯಾಕ್ಸನ್ ಅರಸರು ವೋಡನನ ವಂಶಸ್ಥರೆಂದು ಹೇಳಿಕೊಳ್ಳುತ್ತಿದ್ದರು. ದೇವರ ಕೃಪೆ ಅರಸನ ಮೂಲಕ ಪ್ರಜೆಗಳಿಗೆ ಇಳಿಯುತ್ತದೆ ಎಂಬ ಆ ಕಾಲದ ನಂಬಿಕೆಯನ್ನು ಥಿಯೋಡಿಸಂ ಹಾಗೆಯೇ ಎತ್ತಿಕೊಂಡಿತು. ಹೊಸಬ ಮೊದಲು ಜೀತದ ಆಳಿನ ಸ್ಥಾನದಲ್ಲಿ ಕಲಿಕೆ ಮುಗಿಸಬೇಕು, ಆಮೇಲೆ ಸ್ವತಂತ್ರನಾಗಿ ಮೆಟ್ಟಿಲು ಏರಬೇಕು. ಕಲಿಸುವವನಿಗೆ ಅವನ ಪೂರ್ತಿ ಹೊಣೆ. ಉದ್ದೇಶ ಗುರುಕುಲದ್ದೇ ಆದರೂ, ಗುಲಾಮಗಿರಿಯ ಗಾಯ ಇನ್ನೂ ಮಾಯದ ದೇಶದಲ್ಲಿ ಆ ಪದವಿಗೆ ಜೀತದ ಹೆಸರಿಟ್ಟದ್ದನ್ನು ಒಪ್ಪುವುದು ನನ್ನಿಂದಾಗದು. 1990ರ ದಶಕದಲ್ಲಿ ಗಾರ್ಮನ್ ಲಾರ್ಡ್ 'ವಿನ್‌ಲ್ಯಾಂಡ್ ರೀಚೆ' ಎಂಬ ಒಕ್ಕೂಟದ ಅರಸರಾದರು. ಫ್ರಿಸಿಯನ್, ನಾರ್ಮನ್ ಮುಂತಾದ ಕುಲಗಳ ಹೆಸರಿನ ಥಿಯೋಡ್‌ಗಳೂ ಹುಟ್ಟಿದವು. ಪ್ರತಿಜ್ಞೆಯ ಮೇಲೆ ನಿಂತ ಸಂಸ್ಥೆಯಲ್ಲಿ ಭಿನ್ನಾಭಿಪ್ರಾಯ ಬಂದರೆ ಅದಕ್ಕೆ ಸಣ್ಣ ಹೆಸರು ಸಿಗುವುದಿಲ್ಲ, ಪ್ರತಿಜ್ಞಾಭಂಗವೇ ಆಗಿಬಿಡುತ್ತದೆ. ಜಗಳಗಳು ಹಾಗೆಯೇ ದೊಡ್ಡದಾದವು. ಸ್ವೈನ್ ವೋಡನಿಂಗ್ ಮತ್ತು ವಿನಿಫ್ರೆಡ್ ಹಾಜ್ ಇದೇ ದಶಕದಲ್ಲಿ 'ಎಯಾಲ್ಡ್‌ರಿಹ್ತ್' ಎಂಬ ಸಂಸ್ಥೆ ಕಟ್ಟಿ, ಅರಸೊತ್ತಿಗೆಯ ಭಾರ ತಗ್ಗಿಸಿ, ಕಾನೂನು ಮತ್ತು ಸಭೆಗೆ ಹೆಚ್ಚು ಜಾಗ ಕೊಟ್ಟರು. ಅದೂ ಬಹಳ ಕಾಲ ನಿಲ್ಲಲಿಲ್ಲ.

ನಿಂತದ್ದು ಪುಸ್ತಕಗಳು. ಬ್ರಿಯಾನ್ ಬ್ರಾನ್‌ಸ್ಟನ್ 1957ರಲ್ಲಿ ಬರೆದ ಇಂಗ್ಲೆಂಡಿನ ಕಳೆದುಹೋದ ದೇವರುಗಳ ಪುಸ್ತಕ, ಅದಕ್ಕೆ ಉತ್ತರದಂತೆ 1994ರಲ್ಲಿ ಕ್ಯಾಥ್ಲೀನ್ ಹರ್ಬರ್ಟ್ ಬರೆದ ಕಿರುಹೊತ್ತಿಗೆ, ಬಿಲ್ ಗ್ರಿಫಿತ್ಸ್ ಮತ್ತು ಸ್ಟೀಫನ್ ಪಾಲಿಂಗ್ಟನ್ ಅವರ ಅಧ್ಯಯನಗಳು, ಸ್ವೈನ್ ವೋಡನಿಂಗ್ ಅವರ 2003ರ ಕೃತಿ, ಅಲಾರಿಕ್ ಆಲ್ಬರ್ಟ್‌ಸನ್ 2009ರಲ್ಲಿ ಬರೆದ ಸ್ಯಾಕ್ಸನ್ ಪೇಗನ್ ಮಾರ್ಗದ ಪರಿಚಯ. ಆಲ್ಬರ್ಟ್‌ಸನ್ ಪುಸ್ತಕವನ್ನು ನಾನು ಬೇರೆಯಾಗಿ ಮೆಚ್ಚುತ್ತೇನೆ. ಅರಸ, ಒಕ್ಕೂಟ, ಪಟ್ಟಾಭಿಷೇಕ ಯಾವುದೂ ಇಲ್ಲದೆ, ಒಬ್ಬ ಮನುಷ್ಯ ತನ್ನ ಮನೆಯಲ್ಲಿ ದೇವರ ಜಗಲಿ ಮಾಡಿಕೊಂಡು ವರ್ಷ ಪೂರ್ತಿ ಹೇಗೆ ಬದುಕಬಹುದು ಎಂಬುದನ್ನು ಅದು ಸರಳವಾಗಿ ಹೇಳಿಕೊಟ್ಟಿತು.

ಈಚಿನ ತಲೆಮಾರು ತನ್ನ ಮಾರ್ಗವನ್ನು 'ಫಿರ್ನ್‌ಸಿಡು', ಅಂದರೆ ಹಳೆಯ ನಡವಳಿಕೆ, ಎನ್ನುತ್ತದೆ. ಇಲ್ಲಿ ಅರಸನಿಲ್ಲ. ಒಲೆ ಅಥವಾ ದೀಪದ ಬಳಿ ಮನೆದೇವರಿಗೆ ಹಾಲು, ರೊಟ್ಟಿ, ಬೆಣ್ಣೆ ಇಡುತ್ತಾರೆ. ಹಳೆಯ ಇಂಗ್ಲಿಷ್ ಪದಪಟ್ಟಿಗಳಲ್ಲಿ ರೋಮನ್ನರ ಗೃಹದೇವತೆಗಳಿಗೆ ಕೊಟ್ಟ 'ಕೋಫ್‌ಗೋಡಾಸ್' ಎಂಬ ಹೆಸರನ್ನೇ ಇದಕ್ಕೆ ತೆಗೆದುಕೊಂಡಿದ್ದಾರೆ. ಗತಿಸಿದ ಅಜ್ಜಿ ತಾತಂದಿರ ಫೋಟೊ ಪಕ್ಕದಲ್ಲಿ. ಗುಡುಗಿನ ಥುನೋರ್, ಮಾತು ಮದ್ದು ಮಂತ್ರಗಳ ವೋಡನ್, ಮನೆವಾರ್ತೆಯ ಫ್ರಿಗ್, ನ್ಯಾಯದ ಟಿವ್, ಬೆಳೆಯ ಇಂಗ್ ಇವರಿಗೆ ವಾರದ ದಿನ ನೋಡಿಯೋ ತಿಂಗಳ ಹಬ್ಬ ನೋಡಿಯೋ ಪೂಜೆ. ತಾಯಂದಿರ ರಾತ್ರಿಯಂದು ಮನೆಯ ಹೆಣ್ಣು ಹಿರಿಯರ ಹೆಸರುಗಳನ್ನು, ಗೊತ್ತಿರುವಷ್ಟು ಹಿಂದಕ್ಕೆ, ಒಂದೊಂದಾಗಿ ಕರೆದು ಎಡೆ ಇಡುವ ಮನೆಗಳಿವೆ.

ರಕ್ತದ ಪ್ರಶ್ನೆ ಮಾತ್ರ ಬಿಡಲಿಲ್ಲ. ಉತ್ತರ ಯುರೋಪಿನ ಮೂಲದವರಿಗೆ ಮಾತ್ರ ಈ ದೇವರುಗಳು ಎನ್ನುವ ಬಣ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಇದೆ. ಇಂಗ್ಲೆಂಡಿನ ಓಡಿನಿಸ್ಟ್ ಫೆಲೋಶಿಪ್ 2014ರಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ನ್ಯೂವಾರ್ಕಿನಲ್ಲಿ ಹದಿನಾರನೇ ಶತಮಾನದ ಪುಟ್ಟ ಪ್ರಾರ್ಥನಾಲಯವೊಂದನ್ನು ದೇವಸ್ಥಾನವಾಗಿ ಪ್ರತಿಷ್ಠಾಪಿಸಿತು. 2017ರಲ್ಲಿ ಅದು, ಹಿಂದೆ ಗುಡಿಗಳಾಗಿದ್ದ ಜಾಗಗಳಿಗೆ ಪ್ರತಿಯಾಗಿ ಎರಡು ಚರ್ಚುಗಳನ್ನು ಬಿಟ್ಟುಕೊಡಬೇಕು, ಕ್ಷಮೆ ಕೇಳಬೇಕು ಎಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಪತ್ರ ಬರೆಯಿತು. ದೇವಸ್ಥಾನ ಕಟ್ಟಿಕೊಳ್ಳುವ ಹಂಬಲ ನನಗೆ ಅರ್ಥವಾಗುತ್ತದೆ. ಆದರೆ ಹುಟ್ಟಿನ ಮೇಲೆ ಬಾಗಿಲು ಹಾಕುವ ಮತ ಆಂಗ್ಲೋ-ಸ್ಯಾಕ್ಸನ್ ಚರಿತ್ರೆಗೇ ವಿರುದ್ಧ. ಆಂಗ್ಲರು, ಸ್ಯಾಕ್ಸನ್ನರು, ಜೂಟರು ಸಮುದ್ರ ದಾಟಿ ವಲಸೆ ಬಂದವರು, ಅಲ್ಲಿದ್ದ ಬ್ರಿಟನ್ನರೊಡನೆ ಬೆರೆತವರು. 2016ರಲ್ಲಿ ಹಲವು ದೇಶಗಳ ನೂರಕ್ಕೂ ಹೆಚ್ಚು ಹೀದನ್ (ಹಳೆಯ ಜರ್ಮಾನಿಕ್ ದೇವರುಗಳ ಆರಾಧಕರ) ಸಂಸ್ಥೆಗಳು 'ಡಿಕ್ಲರೇಶನ್ 127'ಕ್ಕೆ ಸಹಿ ಹಾಕಿ, ಜನಾಂಗಭೇದ ಮಾಡುವ ಸಂಘಟನೆಯೊಡನೆ ತಮಗೆ ಯಾವ ಸಂಬಂಧವೂ ಇಲ್ಲವೆಂದು ಸಾರಿದವು. 2013ರಲ್ಲಿ ಶುರುವಾದ ಆಸಾತ್ರೂ ಯುಕೆ ಸಂಸ್ಥೆಯೂ ಎಲ್ಲರಿಗೂ ಬಾಗಿಲು ತೆರೆದಿಟ್ಟಿದೆ. ಐವತ್ತು ವರ್ಷಗಳಲ್ಲಿ ಇಡೀ ಸಮುದಾಯವಾಗಿ ಇವರು ತೆಗೆದುಕೊಂಡ ಸರಿಯಾದ ನಿಲುವುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಸಂಖ್ಯೆ ಸಣ್ಣದೇ. ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ತಮ್ಮ ಮತ 'ಹೀದನ್' ಎಂದು ಬರೆಸಿದವರು 2011ರಲ್ಲಿ 1,958 ಮಂದಿ. 2021ರಲ್ಲಿ 4,722. ಇವರಲ್ಲಿ ನಾರ್ಸ್ ದೇವರುಗಳ ಆರಾಧಕರೂ ಸೇರಿದ್ದಾರೆ. ಹತ್ತು ವರ್ಷದಲ್ಲಿ ಎರಡು ಪಟ್ಟು ದಾಟಿದ್ದು ಸಣ್ಣ ಮಾತಲ್ಲ.

ಇನ್ನು ಮುಂದಿನ ಕೆಲಸ ಸಂಸಾರದ ಕೆಲಸ. ಮೊದಲ ತಲೆಮಾರಿನವರು ಮತವನ್ನು ಓದಿ ಆರಿಸಿಕೊಂಡವರು. ಅವರ ಮಕ್ಕಳು ಅದರೊಳಗೇ ಹುಟ್ಟಿ ಬೆಳೆಯುತ್ತಿದ್ದಾರೆ. ನಾಮಕರಣ, ಮದುವೆ, ಉತ್ತರಕ್ರಿಯೆಗಳ ವಿಧಿ ಒಂದೊಂದು ಕೂಟದಲ್ಲಿ ಒಂದೊಂದು ರೀತಿ ಇದೆ. ಸ್ಕಾಟ್ಲೆಂಡಿನಲ್ಲಿ ಪೇಗನ್ ಪುರೋಹಿತರು ನಡೆಸುವ ಮದುವೆಗೆ ಕಾನೂನಿನ ಮಾನ್ಯತೆ ಇದೆ. ಇಂಗ್ಲೆಂಡಿನಲ್ಲಿ ಕಾನೂನು ಮದುವೆಯನ್ನು ಮುಖ್ಯವಾಗಿ ಕಟ್ಟಡಕ್ಕೆ ಕಟ್ಟಿಹಾಕಿದೆ. ತೋಪಿನಲ್ಲಿ, ಉಂಗುರದ ಮೇಲೆ ಆಣೆಯಿಟ್ಟು ಮದುವೆಯಾದ ಜೋಡಿ ಮತ್ತೆ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಬೇಕು. 2022ರ ಜುಲೈನಲ್ಲಿ ಅಲ್ಲಿನ ಕಾನೂನು ಆಯೋಗ, ಕಟ್ಟಡದ ಬದಲು ಮದುವೆ ನಡೆಸುವ ವ್ಯಕ್ತಿಗೆ ಅಧಿಕಾರ ಕೊಡಿ, ಬಯಲಿನಲ್ಲೂ ಮದುವೆಗೆ ಅವಕಾಶ ಮಾಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಿತು. ಅದು ಕಾನೂನಾದರೆ, ಮಾತಿಗೇ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಈ ಜನ ತಮ್ಮ ದೇವರ ಮುಂದೆ ಕೊಟ್ಟ ಮಾತನ್ನು ಇಂಗ್ಲೆಂಡಿನ ನೆಲದಲ್ಲಿ ಇಂಗ್ಲೆಂಡಿನ ಕಾನೂನೂ ಮಾತೆಂದು ಎಣಿಸಬೇಕಾಗುತ್ತದೆ.